ಇಬ್ಬರು ಪಾದ್ರಿಗಳು ಮತ್ತು ನಮ್ಮ ಲೈನಿನ ಸರೋಜ

ಕಳೆದ ಭಾನುವಾರ ಪೊನ್ನಂಪೇಟೆಯಿಂದ ಅಮ್ಮತ್ತಿಗೆ ವಾಪಸ್ ಬರುವ ದಾರಿಯಲ್ಲಿ ನನಗೂ ನನ್ನ ಹೆಂಡತಿಗೂ ಜಗಳವಾಯಿತು. ಕಾರಣ? ಇಬ್ಬರು ಪಾದ್ರಿಗಳು!

ಕಾಲೇಜು ಹುಡುಗರ ನಾಟಕ ನೋಡಿ ಬರುತ್ತಿದ್ದೆವು. ಯಾವುದೋ ದೂರದ ಊರು, ಹಿಂದಿನ ಕಾಲ. ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ವಿಚಾರಣೆ ಮಾಡುತ್ತಾರೆ. ಹಿರಿಯ ಪಾದ್ರಿಗೆ ಮಾಟಗೀಟದಲ್ಲಿ ನಂಬಿಕೆಯೇ ಇಲ್ಲ. ಜನ ತಿರುಗಿಬಿದ್ದರೆ ಕುರ್ಚಿ ಹೋದೀತೆಂದು ಹೂಂ ಅನ್ನುತ್ತಾನೆ. ಕಿರಿಯವನು ನಿಜವಾಗಿ ನಂಬಿದವನು. ಊರನ್ನು ಉಳಿಸುತ್ತಿದ್ದೇನೆ ಅಂದುಕೊಂಡೇ ಶಿಕ್ಷೆಗೆ ಸಹಿ ಹಾಕುತ್ತಾನೆ. (ಕೊನೆಗೆ ಅಳುತ್ತಾನೆ. ಅಷ್ಟರಲ್ಲಿ ಗಲ್ಲಿಗೇರಿಸಿ ಆಗಿರುತ್ತದೆ.)

"ದೊಡ್ಡವನು ಕಳ್ಳ. ಚಿಕ್ಕವನು ಪಾಪ, ತಿಳೀದೆ ಮಾಡ್ದ" ಅಂದಳು ಹೆಂಡತಿ.

"ಕಳ್ಳನಿಗಾದ್ರೂ ನಾಚಿಕೆ ಇರುತ್ತೆ. ನಂಬಿದವನಿಗೆ ಬ್ರೇಕೇ ಇಲ್ಲ" ಅಂದೆ. ಒಳ್ಳೆಯ ಡೈಲಾಗ್ ಅಲ್ಲವೇ? ನನಗೂ ಹಾಗೇ ಅನ್ನಿಸಿತು.

ಅವಳು ಕೇಳಿದಳು: "ಸರೋಜನ ವಿಷ್ಯದಲ್ಲಿ ನೀವು ಯಾವ ಪಾದ್ರಿ?"

ಸರೋಜ ನಮ್ಮ ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್‌ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಗಂಡನಿಲ್ಲ. ಕೆಲಸ ನೋಡಿಕೊಳ್ಳುವ ರೈಟರ್ ಕುಡಿದು ಮನೆ ಬಾಗಿಲಿಗೆ ಬರುತ್ತಾನೆಂದು ನನ್ನ ಹತ್ತಿರ ದೂರು ಹೇಳಿದ್ದಳು. ಅದಾಗಿ ವಾರಕ್ಕೆ ರೈಟರನ ಮಗುವಿಗೆ ಜ್ವರ ಬಂತು, ಬಿಡಲೇ ಇಲ್ಲ.

"ಸರೋಜ ಮಾಟ ಮಾಡ್ಸಿದಾಳೆ ಸಾರ್. ನಮ್ಮ ಬಾಗ್ಲಲ್ಲಿ ಕುಯ್ದ ನಿಂಬೆಹಣ್ಣಿತ್ತು" ಅಂದ ರೈಟರ್. ಹೆದರಿ ಹೇಳಿದನೋ, ಸೇಡಿಗೆ ಹೇಳಿದನೋ? ಇವತ್ತಿಗೂ ನನಗೆ ಗೊತ್ತಿಲ್ಲ. ಅವಳ ಜೊತೆ ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುವುದಿಲ್ಲ ಅಂದರು ಲೈನಿನವರು.

ಡಾಕ್ಟರು ನ್ಯುಮೋನಿಯಾ ಅಂದದ್ದು ನನಗೆ ಗೊತ್ತಿತ್ತು. ಆದರೂ "ಸ್ವಲ್ಪ ದಿನ ತಂಗಿ ಮನೇಲಿರಮ್ಮ" ಅಂತ ಅವಳನ್ನು ಸೋಮವಾರಪೇಟೆ ಬಸ್ಸು ಹತ್ತಿಸಿ ಆಗಲೇ ಹದಿನೆಂಟು ದಿನವಾಗಿತ್ತು. ನನಗೆ ಮಾಟದಲ್ಲಿ ನಂಬಿಕೆಯಿಲ್ಲ. ನನ್ನ ಕುರ್ಚಿ ಕೀಳುವವರೂ ಇಲ್ಲ. ಕಾಫಿ ಹಣ್ಣಾಗಿತ್ತು, ಪಿಕಿಂಗ್ ನಿಲ್ಲಬಾರದಿತ್ತು. ಅಷ್ಟೇ.

ಅಷ್ಟೇನಾ?

ನಾಟಕದ ಮರುದಿನ ಬೆಳಿಗ್ಗೆಯೇ ಸೋಮವಾರಪೇಟೆಗೆ ಹೋದೆ. ತಂಗಿಯ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಸರೋಜ ನನ್ನನ್ನು ನೋಡಿಯೂ ಏಳಲಿಲ್ಲ.

"ವಾಪಸ್ ಬಾರಮ್ಮ" ಅಂದೆ.

"ಬಂದು? ನನ್ನ ಕಂಡ್ರೆ ಮಕ್ಕಳನ್ನ ಒಳಗೆ ಎಳ್ಕೊಳ್ತಾರೆ ಸಾರ್. ನಾನು ಮಾಟ ಮಾಡ್ಲಿಲ್ಲಾಂತ ಎಲ್ರ ಮುಂದೆ ನೀವು ಹೇಳ್ತೀರಾ?"

ಹೇಳುತ್ತೇನೆ ಅಂದೆ.

ಮಂಗಳವಾರ ಕೆಲಸಕ್ಕೆ ಎಲ್ಲರೂ ಸೇರಿದಾಗ ಅವಳ ಪಕ್ಕ ನಿಂತು ಹೇಳಿದೆ: "ಮಗೂಗೆ ಬಂದಿದ್ದು ನ್ಯುಮೋನಿಯಾ. ಸರೋಜ ಏನೂ ಮಾಡಿಲ್ಲ. ಅವಳನ್ನ ಕಳ್ಸಿದ್ದು ನನ್ನ ತಪ್ಪು."

ರೈಟರ್ ನೆಲ ನೋಡಿದ. ಕೊನೆಗೆ ರೈಟರನ ಹೆಂಡತಿಯೇ ಮುಂದೆ ಬಂದು, ಚೇತರಿಸಿಕೊಂಡಿದ್ದ ಮಗುವನ್ನು ಸರೋಜಳ ಕೈಗಿಟ್ಟಳು. "ಸ್ವಲ್ಪ ಹಿಡ್ಕೊಳಕ್ಕ, ಚೀಲ ತಕೊಂಡು ಬರ್ತೀನಿ."

ಲೈನಿನ ಅರ್ಧ ಜನ ಈಗಲೂ ಸರೋಜಳಿಂದ ನಾಲ್ಕು ಹೆಜ್ಜೆ ದೂರವೇ ನಡೆಯುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ.

ಮೂರೇ ವಾಕ್ಯ ಹೇಳಬೇಕಿತ್ತು; ಅದಕ್ಕೆ ನನಗೆ ಇಪ್ಪತ್ತು ದಿನ ಬೇಕಾಯಿತೇಕೆ?