ಹಳೇ ಸಿಸ್ಟಮ್‌ಗೆ ಮಾತ್ರ

ಸರ್ ಅವರ ಅಂಗಿ ಜೇಬಿನ ತಳದಲ್ಲಿ ಯಾವಾಗಲೂ ಒಂದು ತೂತು. ಅಲ್ಲಿಂದ ಸ್ಕ್ರೂಡ್ರೈವರಿನ ತುದಿ ಇಣುಕುತ್ತಿತ್ತು. ಹೆಂಡತಿ ಇದ್ದಷ್ಟು ದಿನ ಬೈಯುತ್ತಲೇ ಹೊಲಿದುಕೊಡುತ್ತಿದ್ದರಂತೆ. ಅವರು ಹೋದ ಮೇಲೆ ತೂತು ಹಾಗೇ ಉಳಿಯಿತು.

ಮಾನ್ವಿಯಲ್ಲಿ ಸರ್ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ದೇವದುರ್ಗದಿಂದ ಕೆಲಸ ಕಲಿಯಲು ಹೋದ ನನಗೆ ಮೊದಲ ದಿನವೇ ಹೇಳಿದ್ದರು: "ಪ್ರಿಂಟರ್ ತೆಲುಗು ಮಾತಾಡ್ತದ, ಕಂಪ್ಯೂಟರ್ ಕನ್ನಡ. ನಡುವ ನಿಂತು ಇಬ್ಬರಿಗೂ ತಿಳಿಸಿ ಹೇಳಾವನ ಡ್ರೈವರ್, ತಂಗಿ. ಹೊಸಾ ಸಿಸ್ಟಮ್ ಹಾಕಿದ್ರ ಹಳೇ ಡ್ರೈವರ್ ಮಾತು ಅದಕ ತಿಳಿಯಂಗಿಲ್ಲ." ಅದಕ್ಕೇ ಹಳೆಯ ಡ್ರೈವರ್ ಸಿ.ಡಿ.ಗಳನ್ನು ಬಿಸ್ಕಿಟ್ ಡಬ್ಬಿಯಲ್ಲಿ ಕಾದಿಡುತ್ತಿದ್ದರು. ಕಾದಿಟ್ಟು ಏನು ಬಂತು? ಕೇಳಿದವರಿಗೆಲ್ಲ ಹೆಪ್ಪಿಗೆ ಮೊಸರು ಕೊಟ್ಟಂತೆ ಕೊಟ್ಟುಬಿಡುತ್ತಿದ್ದರು. ಯಾರಿಗೆ ಕೊಟ್ಟೆ ಎಂದು ಬರೆದಿಡುವ ಜಾಯಮಾನ ಅವರದಲ್ಲ.

ಮೂಲೆಯ ಹಳೆಯ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಒಂದು ಪುಟ್ಟ ರೆಕಾರ್ಡರ್ ಜೋಡಿಸಿ, ಇಯರ್‌ಫೋನ್ ಹಾಕಿಕೊಂಡು ಐದು ನಿಮಿಷ ಕೂರುತ್ತಿದ್ದರು. ಭಜನೆ ಇರಬೇಕೆಂದುಕೊಂಡಿದ್ದೆ. ಏನೆಂದು ಒಮ್ಮೆಯೂ ಅವರನ್ನು ಕೇಳಲಿಲ್ಲ.

ಅವರು ಕಣ್ಣಿನ ಆಪರೇಷನ್ನಿಗೆ ರಾಯಚೂರಿಗೆ ಹೋದಾಗ ನನ್ನ ಜಾಣತನ ಜೋರಾಯಿತು. ಪಾಪ, ತೆವಳುವ ಕಂಪ್ಯೂಟರ್ ಎಂದು ಎಲ್ಲ ಅಳಿಸಿ ಹೊಸ ಸಿಸ್ಟಮ್ ಹಾಕಿದೆ. ಕಪ್ಪು ಕನ್ನಡಕದಲ್ಲಿ ವಾಪಸಾದ ಸರ್ ರೆಕಾರ್ಡರ್ ಜೋಡಿಸಿದರು. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ರೆಕಾರ್ಡರಿನ ಸ್ವಂತ ಸ್ಪೀಕರ್, ಇಯರ್‌ಫೋನ್ ಕಿಂಡಿ ಎರಡೂ ಎಂದೋ ಸತ್ತಿದ್ದವು. ಡಬ್ಬಿ ಬೋರಲು ಹಾಕಿ ಹುಡುಕಿದರು. ರೆಕಾರ್ಡರಿನ ಡ್ರೈವರ್ ಸಿ.ಡಿ. ಯಾರೋ ಒಯ್ದಿದ್ದರು.

"ಏನದ ಸರ್ ಅದರಾಗ?"

"ಆಕಿ ಧ್ವನಿ."

ಊರಿಗೆಲ್ಲ ಕಾಪಿ ಇಟ್ಟುಕೊಳ್ಳಿ ಎಂದು ಹೇಳುತ್ತಿದ್ದವರು ತಾವು ಇಟ್ಟಿರಲಿಲ್ಲ. ನಾನು ಅತ್ತೆ. "ಅಳಬ್ಯಾಡ. ನನಗ ಛಲೋ ಆಗ್ಲಿ ಅಂತ ಮಾಡಿದಿ," ಎಂದರು. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಆ ಡ್ರೈವರಿಗಾಗಿ ಇಂಟರ್‌ನೆಟ್ಟನ್ನೆಲ್ಲ ಜಾಲಾಡಿದೆ, ರೆಕಾರ್ಡರ್ ತಯಾರಿಸಿದವರೇ ಅದನ್ನು ಕೈಬಿಟ್ಟಿದ್ದರು. ಸರ್ ಮಾತ್ರ ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ, ಬರಿಗಿವಿಯಲ್ಲಿ, ಐದು ನಿಮಿಷ ಕೂರುತ್ತಿದ್ದರು. ಒಂದು ವರ್ಷ ಕೂತರು. ಆಮೇಲೆ ಎದೆನೋವು ಬಂದು ಹೋಗಿಬಿಟ್ಟರು.

ಸುದ್ದಿ ಕೇಳಿ ಸಿರವಾರದ ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು ಬಂದರು. "ಸರ್ ಕೊಟ್ಟಿದ್ರವ್ವಾ, ವಾಪಸ್ ಕೊಡೂದು ಮರ್ತೇಬಿಟ್ಟಿದ್ದೆ," ಎಂದು ಸಿ.ಡಿ. ಮುಂದಿಟ್ಟರು. ಮೇಲೆ ಸರ್ ಅಕ್ಷರ: ರೆಕಾರ್ಡರ್. ಹಳೇ ಸಿಸ್ಟಮ್‌ಗೆ ಮಾತ್ರ.

ಮೂಲೆಯ ಕಂಪ್ಯೂಟರಿಗೆ ಹಳೆಯ ಸಿಸ್ಟಮನ್ನೇ ಮತ್ತೆ ಹಾಕಿ, ಸಿ.ಡಿ.ಯ ಡ್ರೈವರ್ ಸೇರಿಸಿ, ರೆಕಾರ್ಡರ್ ಜೋಡಿಸಿದೆ. ಇಯರ್‌ಫೋನಿನಲ್ಲಿ ಮೊದಲು ಪಾತ್ರೆ ಸದ್ದು, ಆಮೇಲೆ ಹೆಣ್ಣು ದನಿ: "ಅದನ್ನ ಬಿಟ್ಟು ಏಳ್ರೀ ಇನ್ನ. ಅನ್ನ ಆರಾಕತ್ತದ. ಆ ಅಂಗಿನೂ ತಗದು ಕೊಡ್ರಿ, ಜೇಬು ಹೊಲೀತೀನಿ."

ಅದರ ಹಿಂದೆಯೇ ಸರ್: "ಬಂದೆ, ಬಂದೆ. ಎರಡ ನಿಮಿಷ."

ಮೂರು ಕಾಪಿ ಮಾಡಿಟ್ಟಿದ್ದೇನೆ. ಯಾರಿಗೆ ಕೇಳಿಸಲಿ?