ಮೇಸ್ತ್ರಿ ಬಿಟ್ಟುಹೋದ ಮ್ಯಾಗ್ನೆಟ್

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಕರೆಂಟು ಬಿಲ್ಲನ್ನು ಒತ್ತಿ ಹಿಡಿದಿರುವುದು ಒಂದು ಕಪ್ಪು ಮ್ಯಾಗ್ನೆಟ್. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ್ದು. ಬಳೆಯ ಹಾಗೆ ಗುಂಡಗಿದೆ, ಒಂದು ಅಂಚು ಒಡೆದಿದೆ. ಹೋದ ಭಾನುವಾರ ಅದನ್ನು ಅಲ್ಲಿಂದ ಕೀಳಬೇಕಾಗಿ ಬಂತು. ಹಳೆಯ ಗ್ರೀಸಿನ ವಾಸನೆ ಇನ್ನೂ ಇದೆಯೇನೋ ಎಂದು ಮೂಗಿನ ಹತ್ತಿರ ಹಿಡಿದೆ. ಇರಲಿಲ್ಲ. ಇಷ್ಟು ವರ್ಷ ಅಡುಗೆಮನೆಯಲ್ಲಿದ್ದು ಅದಕ್ಕೆ ಒಗ್ಗರಣೆಯ ವಾಸನೆ ಹತ್ತಿತ್ತು. ಆದರೂ ಭದ್ರಾವತಿ ಓಲ್ಡ್ ಟೌನಿನ ಆ ಟಿಂಕರಿಂಗ್ ಮೇಸ್ತ್ರಿ, ತಲೆತುಂಬ ಧೂಳು, ಕಿವಿಯ ಮೇಲೊಂದು ಬೀಡಿ, ಕಣ್ಣ ಮುಂದೆ ಬಂದು ನಿಂತರು...

ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಸ್ವಂತ ಅಂಬಾಸಿಡರ್ ಕಾರು. ಊರಿನ ಅರ್ಧಕ್ಕರ್ಧ ಮದುಮಕ್ಕಳು ಅದರಲ್ಲೇ ಕೂತು ಛತ್ರಕ್ಕೆ ಹೋದವರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಕಣ್ಣು ಹೋದವು. ಕಾರು ಮನೆ ಪಕ್ಕದ ಶೆಡ್ಡು ಸೇರಿತು. ಅಪ್ಪ ಮಾತ್ರ ದಿನಾ ಸಂಜೆ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಒಂದು ಗಂಟೆ ಇದ್ದು ಬರುತ್ತಿದ್ದರು. ಒಂದು ದಿನ ಸೀಟಿನ ಮುಂದಿನ ತುಕ್ಕು ಹಿಡಿದ ತಳ ಕುಸಿದು ಕಾಲು ಒಳಗೆ ಇಳಿಯಿತು. ಸಕ್ಕರೆ ಕಾಯಿಲೆಯವರ ಗಾಯ, ಮಾಯಲು ಮೂರು ತಿಂಗಳು ಹಿಡಿಯಿತು. ಅಮ್ಮ ಹೆದರಿ ಗುಜರಿಯವನನ್ನು ಕರೆಸಿದಳು. ಅವನು ಕಾರಿಗೊಂದು ಸುತ್ತು ಹಾಕಿ, ತೂಕದ ಮೇಲೆ ಬೆಲೆ ಹೇಳಿ ಹೋದ. ಅಪ್ಪ ಎರಡು ದಿನ ತಟ್ಟೆಯ ಮುಂದೆ ಕೂತು ಅನ್ನ ಕೆದಕಿ ಎದ್ದರು.

ನಾನಾಗ ಶಿವಮೊಗ್ಗದ ಕೋಟೆ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ದಿನಾ ಭದ್ರಾವತಿಯಿಂದ ಬಸ್ಸು. ಮನೆಗೆ ಬರುತ್ತಿದ್ದುದು ನನ್ನ ಸಂಬಳ ಒಂದೇ. ಕಾರನ್ನು ಪೂರ್ತಿ ಹೊಸದರಂತೆ ಮಾಡಿಸಿಯೇ ಸಿದ್ಧ ಎಂದು ಹಟ ಹಿಡಿದು ಸೊಸೈಟಿಯಿಂದ ಸಾಲದ ಫಾರಂ ತಂದೆ. ಸಾಲ ತೀರುವ ತನಕ, ಅಂದರೆ ಐದು ವರ್ಷ, ಅರ್ಧ ಸಂಬಳ ಕೈಗೆ ಸಿಗುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಮ್ಮ ಹೇಳಿದಳು. ಕಣ್ಣು ಕಾಣದವರಿಗೆ ಬಣ್ಣದ ಕಾರು ಯಾಕೆ ಎಂಬ ಮಾತೂ ಅವಳ ಬಾಯಿಗೆ ಬಂದಿತ್ತು, ಹೇಳಲಾರದೆ ನುಂಗಿಕೊಂಡಳು. ಆ ಕಾರಿನ ದುಡಿಮೆಯಲ್ಲೇ ನಾನು ಬಿ.ಎಡ್. ಮುಗಿಸಿದ್ದು. ಅದನ್ನು ಗುಜರಿಗೆ ಹಾಕಿ ಅಪ್ಪನ ಎದುರು ಊಟಕ್ಕೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಶಾಲೆಯ ಇಬ್ಬರು ಮೇಷ್ಟ್ರುಗಳು ಜಾಮೀನಿಗೆ ಸಹಿ ಹಾಕಿದರು. ಇನ್ನು ಬೇಕಿದ್ದುದು ಖರ್ಚಿನ ಎಸ್ಟಿಮೇಟ್ ಒಂದೇ.

ಅದಕ್ಕೆಂದೇ ಮೇಸ್ತ್ರಿಯನ್ನು ಕರೆತಂದೆ. ಅಪ್ಪನ ಕಾರಿಗೆ ಬಿದ್ದ ಪೆಟ್ಟುಗಳನ್ನೆಲ್ಲ ಮೊದಲಿಂದ ಬಡಿದು ಸರಿಮಾಡಿದವರು ಅವರೇ. ಅವರ ಅಪ್ಪನ ಕಾಲಕ್ಕೆ ಕಾರ್ಖಾನೆ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದ ಮನೆತನ. ಕನ್ನಡ ನಮ್ಮಂತೆಯೇ ಆಡುತ್ತಿದ್ದರು, ಲೆಕ್ಕ ಮಾತ್ರ ತಮಿಳಿನಲ್ಲಿ ಹಾಕುತ್ತಿದ್ದರು. ಜೇಬಿನಿಂದ ಈ ಮ್ಯಾಗ್ನೆಟ್ ತೆಗೆದು ಕಾರಿನ ಮೈಮೇಲೆ ಅಲ್ಲಲ್ಲಿ ಇಟ್ಟು ಕೈಬಿಟ್ಟರು. ಒಂದೆರಡು ಕಡೆ ಕಚ್ಚಿಕೊಂಡಿತು. ಉಳಿದ ಕಡೆಯೆಲ್ಲ ಜಾರಿ ಅವರ ಅಂಗೈಗೇ ಬಿತ್ತು. ಬಿದ್ದ ಕಡೆಯೆಲ್ಲ ಬರೀ ಪುಟ್ಟಿ, ತುಕ್ಕು ತಿಂದ ಜಾಗಕ್ಕೆ ಮೆತ್ತಿ ಬಣ್ಣ ಹೊಡೆದದ್ದು. ಒಳಗೆ ತಗಡೇ ಇಲ್ಲ ಎಂದರು. ನಾನು ಫಾರಂ ಮುಂದೆ ಚಾಚಿದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಬ್ಯಾಗಿನೊಳಗೇ ತುರುಕಿದರು.

“ಟೀಚರಮ್ಮ, ಸಾಲ ಮಾಡ್ಬೇಡಿ. ಅಣ್ಣನಿಗೆ ಈಗ ಕಾರು ಕಾಣ್ಸೋದು ಕೈಗೆ, ಕಿವಿಗೆ. ಅಷ್ಟು ಮಾಡಿದ್ರೆ ಸಾಕು.”

ಆಮೇಲೆ ಬಿಡಿಸಿ ಹೇಳಿದರು. ಕಾಲಿಡುವ ತಳಕ್ಕೆ ಹೊಸ ತಗಡು. ಜೋತುಬಿದ್ದ ಬಾಗಿಲು ಮೊದಲಿನ ಹಾಗೆ ಮುಚ್ಚಬೇಕು, ಮೊದಲಿನದೇ ಸದ್ದು ಬರಬೇಕು. ಇಂಜಿನ್ ಸ್ಟಾರ್ಟ್ ಆಗಬೇಕು, ಹಾರ್ನ್ ಕೂಗಬೇಕು. ಅಪ್ಪನ ಕೈ ಓಡಾಡುವುದು ಬಲಗಡೆ ಮಾತ್ರ, ಆ ಕಡೆಗೆ ಪುಟ್ಟಿ ಮೆತ್ತಿ ನುಣ್ಣಗೆ ಉಜ್ಜಿ ಬಣ್ಣ ಹೊಡೆಯುವುದು. ಎಡಗಡೆ ಇದ್ದ ಹಾಗೇ ಇರಲಿ. ಪುಟ್ಟಿ ಯಾವುದು, ತಗಡು ಯಾವುದು ಕೈಗೆ ಗೊತ್ತಾಗುವುದಿಲ್ಲ ಎಂದರು. ಅದಕ್ಕೆಲ್ಲ ಅವರು ಹೇಳಿದ ದುಡ್ಡು ನನ್ನ ಒಂದು ತಿಂಗಳ ಸಂಬಳದೊಳಗೇ ಇತ್ತು.

ಒಪ್ಪಿಕೊಂಡೆ. ಆದರೆ ಕೈಗೆ ಗೊತ್ತಾಗುವುದಿಲ್ಲ ಎಂದ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಕಣ್ಣಿಲ್ಲದ ಅಪ್ಪನಿಗೆ ನಾನೇ ನಿಂತು ಮೋಸ ಮಾಡುತ್ತಿದ್ದೇನೆ ಅನ್ನಿಸಿತು. ಅತ್ತ ಶಾಲೆಯಲ್ಲಿ ಸಾಲ ಬೇಡವೆಂದು ತಿಳಿಸಿದ ದಿನ, ಜಾಮೀನು ಹಾಕಿದ್ದ ಹಿಂದಿ ಮೇಷ್ಟ್ರು ಎಂದೂ ಇಲ್ಲದವರು ನನಗೆ ಕಾಫಿ ಕೊಡಿಸಿದರು.

ಕಾರನ್ನು ಮೇಸ್ತ್ರಿಯ ಶೆಡ್ಡಿಗೆ ಎಳೆಸಿಕೊಂಡು ಹೋಗಿದ್ದಾಯಿತು. ಎರಡು ವಾರ ಅಂದವರು ಒಂದು ತಿಂಗಳು ಮಾಡಿದರು, ಅದು ಎರಡಾಯಿತು. ಇತ್ತ ಅಪ್ಪ ಖಾಲಿ ಶೆಡ್ಡಿಗೆ ಹೋಗಿ ನಿಂತು ಬರುತ್ತಿದ್ದರು. ಅದನ್ನು ನೋಡಲಾರದೆ ಒಂದು ಸಂಜೆ ಬಸ್ಸಿಳಿದವಳೇ ಸೀದಾ ಮೇಸ್ತ್ರಿಯಲ್ಲಿಗೆ ಹೋದೆ. ಕಾರಿನ ಹಿಂದೆಲ್ಲೋ ಸುತ್ತಿಗೆಯ ಸದ್ದು ಕೇಳುತ್ತಿತ್ತು. ನಾನು ಒಳಗೂ ಹೋಗಲಿಲ್ಲ, ಬಾಗಿಲಲ್ಲೇ ನಿಂತು, ತರಗತಿಯಲ್ಲಿ ಮಕ್ಕಳನ್ನು ಗದರುವ ದನಿಯಲ್ಲೇ ಕೇಳಿದೆ. “ಪುಟ್ಟಿ ಮೆತ್ತೋಕೆ ಎರಡು ತಿಂಗಳು ಬೇಕಾ ಮೇಸ್ತ್ರಿ?”

ಸುತ್ತಿಗೆ ನಿಂತಿತು. ಅವರು ಎದ್ದು ಬಂದು, ಬೆವರು ಒರೆಸಿಕೊಂಡು, ಬಾಗಿಲು ಸರಿಯಾಗಿ ಕೂರ್ತಾ ಇಲ್ಲಮ್ಮ ಎಂದು ನಕ್ಕರು. ನನಗೆ ಆ ನಗು ನೋಡಿ ಇನ್ನೂ ಸಿಟ್ಟು ಬಂತು.

ಮುಂದಿನ ವಾರ ಕಾರು ಮನೆಗೆ ಬಂತು. ಬಲಗಡೆಯಿಂದ ನೋಡಿದರೆ ಮದುವೆ ಕಾರು, ಎಡಗಡೆಯಿಂದ ನೋಡಿದರೆ ಗುಜರಿ. ಬೀದಿಯವರಿಗೆ ವಾರವೆಲ್ಲ ಅದೇ ತಮಾಷೆ. ಅಪ್ಪ ಮಡ್‌ಗಾರ್ಡಿನಿಂದ ಹಿಂದಿನ ಬಾಗಿಲ ತನಕ ನಿಧಾನವಾಗಿ ಕೈಯಾಡಿಸಿದರು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟರು. ಒಳಗೆ ಕೂತು ಬಾಗಿಲು ಹಾಕಿದರು, ತೆಗೆದು ಮತ್ತೆ ಹಾಕಿದರು. “ತಗಡು ಗಟ್ಟಿ ಇದೆ ಕಣಮ್ಮ. ಸಾಲಗೀಲ ಮಾಡ್ಲಿಲ್ಲ ತಾನೆ?” ಎಂದು ಕೇಳಿದರು. ಇಲ್ಲಪ್ಪ ಅಂದೆ. ಅವರು ಪುಟ್ಟಿಯನ್ನು ತಗಡೆಂದು ನಂಬಿ ಖುಷಿಪಡುತ್ತಿದ್ದಾರಲ್ಲ ಎಂದುಕೊಂಡೆ. ಮೇಸ್ತ್ರಿಯ ಮುಖವನ್ನು ನಾನು ನೋಡಲೇ ಇಲ್ಲ.

ಅವರು ಮ್ಯಾಗ್ನೆಟ್ಟನ್ನು ಕಾರಿನೊಳಗೇ ಬಿಟ್ಟುಹೋಗಿದ್ದರು. ಹಿಂದಿರುಗಿಸಲು ಹೋದಾಗ ತೆಗೆದುಕೊಳ್ಳಲಿಲ್ಲ. “ಇರ್ಲಿ ಟೀಚರಮ್ಮ, ಏನಾದ್ರೂ ನೋಡ್ಬೇಕು ಅನ್ನಿಸಿದ್ರೆ ಬೇಕಾಗುತ್ತೆ,” ಎಂದರು. ನಾನು ಅದನ್ನು ಶಾಲೆಗೆ ಒಯ್ದು ಕಬ್ಬಿಣದ ಪುಡಿ ಚೆಲ್ಲಿ ಮಕ್ಕಳಿಗೆ ಪಾಠ ಮಾಡಿದೆ. ರಿಟೈರಾದ ಮೇಲೆ ಅದು ಫ್ರಿಜ್ಜಿಗೆ ಬಂತು.

ಅಪ್ಪ ಇನ್ನೂ ನಾಲ್ಕು ವರ್ಷ ಇದ್ದರು. ದಿನಾ ಸಂಜೆ ಹತ್ತು ನಿಮಿಷ ಇಂಜಿನ್ ಓಡಿಸಿ, ಬಾಗಿಲನ್ನು ಎರಡು ಸಲ ಹಾಕಿ ಕೇಳಿಸಿಕೊಂಡು ಒಳಗೆ ಬರುತ್ತಿದ್ದರು. ಅವರು ಹೋದ ಮರುವರ್ಷ ಮೇಸ್ತ್ರಿಯೂ ಹೋದರು. ಎದೆಯಲ್ಲಿ ಧೂಳು ಕೂತಿತ್ತಂತೆ. ನನಗೆ ಗೊತ್ತಾಗಿದ್ದು ಹದಿನೈದು ದಿನ ಕಳೆದ ಮೇಲೆ. ಹೋಗಿ ನೋಡಿದಾಗ ಅವರ ಶೆಡ್ಡು ಕೆಡವಿ ಮೊಬೈಲ್ ಅಂಗಡಿಗೆ ಗೋಡೆ ಎತ್ತುತ್ತಿದ್ದರು...

ಹೋದ ಭಾನುವಾರ ಆಯನೂರಿನಿಂದ ಒಬ್ಬರು ಕಾರು ಕೊಳ್ಳಲು ಬಂದಿದ್ದರು. ಹಳೆಯ ಕಾರುಗಳನ್ನು ಸರಿಮಾಡಿ ಮದುವೆಗೆ ಬಾಡಿಗೆ ಕೊಡುವವರು. ಈ ವಯಸ್ಸಿನಲ್ಲಿ ಇನ್ನೊಂದು ಮೋಸ ಬೇಡವೆಂದು ನಾನೇ ಮೊದಲು ಹೇಳಿದೆ, ಬಲಗಡೆ ಹೊಳೆಯುತ್ತಿರುವುದೆಲ್ಲ ಪುಟ್ಟಿ ಎಂದು. ಅವರು ಬಾಗಿಲನ್ನು ಗೆಣ್ಣಿನಿಂದ ಕುಟ್ಟಿದರು, ಅಪ್ಪ ಕುಟ್ಟಿದ ಹಾಗೆಯೇ. “ಯಾರು ಹೇಳಿದ್ದು ಮೇಡಂ?” ಎಂದರು.

ಒಳಗೆ ಹೋಗಿ ಮ್ಯಾಗ್ನೆಟ್ ಕಿತ್ತು ತಂದೆ. ಮಡ್‌ಗಾರ್ಡಿಗೆ ಇಟ್ಟೆ, ಟಕ್ಕನೆ ಕಚ್ಚಿಕೊಂಡಿತು. ಮುಂದಿನ ಬಾಗಿಲು, ಹಿಂದಿನ ಬಾಗಿಲು, ಚಕ್ರದ ಮೇಲಿನ ಬಾಗು, ಎಲ್ಲ ಕಡೆ ಕಚ್ಚಿಕೊಂಡಿತು. ಒಂದೇ ಒಂದು ಕಡೆಯೂ ಬೀಳಲಿಲ್ಲ. ಪುಟ್ಟಿಯ ದುಡ್ಡು ತೆಗೆದುಕೊಂಡು, ಎರಡು ತಿಂಗಳು ಸುತ್ತಿಗೆ ಹಿಡಿದು, ಮೇಸ್ತ್ರಿ ಅಷ್ಟೂ ಜಾಗಕ್ಕೆ ತಗಡು ಹೊಡೆದಿದ್ದರು. ಅಪ್ಪನ ಕೈಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಮ್ಯಾಗ್ನೆಟ್ ಕೈಯಲ್ಲಿ ಹಿಡಿದು ಊರ ಮಕ್ಕಳಿಗೆ ಪಾಠ ಹೇಳಿದವಳಿಗೆ, ಹತ್ತು ಹೆಜ್ಜೆ ನಡೆದು ನಮ್ಮದೇ ಶೆಡ್ಡಿಗೆ ಹೋಗಿ ನೋಡಬೇಕು ಅನ್ನಿಸಿರಲಿಲ್ಲ.

ಕಾರು ಕೊಡುವುದಿಲ್ಲ ಎಂದು ಹೇಳಿ ಅವರನ್ನು ಕಳಿಸಿದೆ. ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲನ್ನು ಎರಡು ಸಲ ಹಾಕಿದೆ. ಪುಟ್ಟಿ ಮೆತ್ತೋಕೆ ಎರಡು ತಿಂಗಳು ಬೇಕಾ ಎಂದು ಅಂದು ಮೇಸ್ತ್ರಿಯ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ್ದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಆ ಶೆಡ್ಡೂ ಇಲ್ಲ, ನಕ್ಕು ಸುಮ್ಮನಾದ ಮೇಸ್ತ್ರಿಯೂ ಇಲ್ಲ.