ಅಕ್ಕ ತಟ್ಟುತ್ತಿದ್ದ ತಾಳ

ಅಕ್ಕ ಜರ್ಮನಿಯಲ್ಲಿ ತೀರಿಕೊಂಡ ಮರುವರ್ಷ ಅವಳ ಮಗ ನಮ್ಮ ಮನೆಗೆ ಬಂದ. ಮೂವತ್ತೈದರ ಆಸುಪಾಸಿನ ಎತ್ತರದ ಗಂಡಸು, ಕಣ್ಣು ಮಾತ್ರ ಅಕ್ಕನದೇ. ಶೆಟ್ಟಿಹಳ್ಳಿಯ ನಮ್ಮ ಬಾಗಿಲಲ್ಲಿ ನಿಂತು "ಚಿಕ್ಕಮ್ಮ" ಅಂದ. ಅವನಿಗೆ ಬರುತ್ತಿದ್ದ ಕೆಲವೇ ಕನ್ನಡ ಪದಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ ಅವನನ್ನು ಫೋನಿನಲ್ಲಿ ಬಿಟ್ಟರೆ ನಾನು ನೋಡಿರಲಿಲ್ಲ.

ಅಕ್ಕ ನರ್ಸಿಂಗ್ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಅಲ್ಲಿಂದ ಜರ್ಮನಿಗೆ ಹೋದವಳು. ಅಲ್ಲಿಯವರನ್ನೇ ಮದುವೆಯಾದಳು. ಆಮೇಲೆ ಊರಿಗೆ ಬಂದದ್ದು ಎರಡೇ ಸಲ, ಅಪ್ಪ ಹೋದಾಗ ಮತ್ತು ಅವ್ವ ಹೋದಾಗ. ಎರಡು ಸಲವೂ ಮಣ್ಣಾದ ಮೇಲೆಯೇ ಬಂದು ತಲುಪಿದಳು.

ಮಗ ಮಾಡುವ ಸಂಗೀತಕ್ಕೆ ಟೆಕ್ನೋ ಅನ್ನುತ್ತಾರಂತೆ. ಅದರಲ್ಲಿ ಹಾಡುವವರಿಲ್ಲ, ಸಾಹಿತ್ಯವಿಲ್ಲ. ಯಂತ್ರದಿಂದ ಹುಟ್ಟಿಸಿದ ಒಂದೇ ಸಮನಾದ ಪೆಟ್ಟು ಗಂಟೆಗಟ್ಟಲೆ ನಡೆಯುತ್ತದೆ, ಜನ ಅದಕ್ಕೆ ಕುಣಿಯುತ್ತಾರೆ. ನಾನು ಪಾಠ ಮಾಡುವ ಗುಬ್ಬಿಯ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೆಮ್ಮೆಯಿಂದ ಅದನ್ನು ಹಾಕಿದ್ದೆ. ಜೊತೆಯ ಮೇಷ್ಟ್ರೊಬ್ಬರು ಇದೇನು ಮೇಡಂ, ಫ್ಲೋರ್ ಮಿಲ್ ಶುರುವಾದ ಹಾಗಿದೆ ಅಂದರು. ಎಲ್ಲರೂ ನಕ್ಕರು. ನನಗೂ ಹಾಗೇ ಕೇಳಿಸಿದ್ದರಿಂದ ನಾನೂ ನಕ್ಕೆ.

ಅವನ ಅಪ್ಪನ ಕಡೆಯ ತಾತ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಇವನೂ ಚಿಕ್ಕಂದಿನಲ್ಲಿ ಪಿಯಾನೋ ಕಲಿತಿದ್ದ. ದೊಡ್ಡವನಾಗುತ್ತ ಅದೆಲ್ಲ ಬಿಟ್ಟುಹೋಯಿತು, ನನ್ನ ಸಂಗೀತದಲ್ಲಿ ಉಳಿದದ್ದು ಅಮ್ಮನ ಕೈಯ ತಾಳ ಮಾತ್ರ ಅಂದ. ಡ್ಯೂಟಿ ಮುಗಿಸಿ ಬಂದ ಅಕ್ಕ ಅವನನ್ನು ಮಗ್ಗುಲಲ್ಲಿ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳಂತೆ. ಹಾಡಿಲ್ಲ, ಮಾತಿಲ್ಲ. ನಿದ್ದೆ ಬಂದ ಮೇಲೂ ಬಹಳ ಹೊತ್ತು ತಟ್ಟುತ್ತಲೇ ಇರುತ್ತಿದ್ದಳಂತೆ. ಅದು ಹೇಗೆಂದು ಊಟದ ಟೇಬಲ್ಲಿನ ಮೇಲೆ ಬೆರಳಿಂದ ಬಡಿದು ತೋರಿಸಿದ. ಎಲ್ಲಿಂದ ಕಲಿತೆ ಅಂತ ಕೇಳಿದರೆ ಅಕ್ಕ ಊರಿನದು ಅಂತಷ್ಟೇ ಅನ್ನುತ್ತಿದ್ದಳಂತೆ. ಆ ಊರನ್ನು ನೋಡಬೇಕು ಅಂದ.

ಮಾರನೆಯ ದಿನ ಕಾರು ಮಾಡಿಕೊಂಡು ಕುಣಿಗಲ್ ಮೇಲೆ ಕೊತ್ತಗೆರೆ ಕಡೆಯ ನಮ್ಮ ಹುಟ್ಟೂರಿಗೆ ಹೋದೆವು. ಅಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ. ಅವ್ವ ಕೆರೆಯ ಅಂಚಿನಲ್ಲಿ ತೆಂಗಿನ ನಾರು ಬಡಿಯುತ್ತಿದ್ದಳು. ನೀರಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನಕಾಯಿ ಮಟ್ಟೆಯನ್ನು ಮರದ ಕೊಡತಿಯಿಂದ ಬಡಿದು ನಾರು ಬಿಡಿಸುವ ಕೆಲಸ. ಅವಳ ಜೊತೆಗಾತಿಯರಲ್ಲಿ ಈಗ ಬದುಕಿರುವ ಅಜ್ಜಿ ಒಬ್ಬರೇ. ಅವರ ಜಗಲಿಯ ಮೇಲೆ ಕೂತೆವು. ಅಕ್ಕನ ಮಗ ಅಂದೆ. ಅಜ್ಜಿ ಅವನ ಗಲ್ಲ ಸವರಿದರು. ಅವನು ತನ್ನ ಮೊಣಕಾಲ ಮೇಲೆ ಮತ್ತೆ ಅದೇ ತಾಳ ತಟ್ಟಿದ.

ಅಜ್ಜಿಯನ್ನು ನಾನೇನೂ ಕೇಳಬೇಕಾಗಲಿಲ್ಲ.

"ಇದು ನಾವು ನಾರು ಬಡೀತಿದ್ದ ಏಟು ಕಣವ್ವ. ಎದುರಾಬದುರು ಕೂತ್ಕಂಡು, ಒಂದು ನಿಮ್ಮವ್ವಂದು, ಒಂದು ನಂದು. ನಿನ್ನ ತಮ್ಮ ಜೋಲಿಯಾಗೆ ಮಲಗಿರ್ತಿದ್ದ. ನಾವು ನಿಲ್ಸಿದ್ರೆ ಎದ್ದು ಅಳೋನು. ಅದ್ಕೇ ನಾವು ನೀರು ಕುಡಿಯಕ್ಕೆ ಎದ್ರೆ ನಿಮ್ಮಕ್ಕ ಹಂಗೇ ಬೆನ್ನು ತಟ್ಟೋಳು."

ನಮಗೊಬ್ಬ ತಮ್ಮನಿದ್ದ, ಕೂಸಾಗಿರುವಾಗಲೇ ಜ್ವರ ಬಂದು ಹೋದ ಅನ್ನುವಷ್ಟು ನನಗೆ ಗೊತ್ತಿತ್ತು. ಆಗ ನನಗೆ ಆರು ವರ್ಷ, ಅಕ್ಕನಿಗೆ ಹತ್ತು. ಆವತ್ತು ನನ್ನನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದರು. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಆ ದಿನ ಏನಾಯಿತು ಅಂತ ಅಜ್ಜಿಯನ್ನು ಕೇಳಿದೆ.

"ಕೆಲ್ಸದ ಹತ್ರಾನೇ ಕಣವ್ವ. ಜ್ವರ ಅಂತ ಮಗೀನ ತೊಡೆ ಮ್ಯಾಲೆ ಹಾಕ್ಕಂಡು ಕೂತಿದ್ಲು ನಿಮ್ಮಕ್ಕ. ನಾವು ಹೋಗಿ ಮುಟ್ಟಿ ನೋಡಿದ್ರೆ ತಣ್ಣಗಾಗೋಗಿತ್ತು. ಕೊಡು ಅಂದ್ರೆ ಕೊಡ್ಲಿಲ್ಲ. ಮಲಗವ್ನೆ, ಸುಮ್ಕಿರಿ ಅಂದ್ಲು. ತಟ್ತಾನೇ ಇದ್ಲು. ನಿಮ್ಮಪ್ಪ ಬಂದು ಬಿಡಿಸ್ಕಬೇಕಾಯ್ತು."

ಅವನು ನನ್ನ ಮುಖ ನೋಡುತ್ತ ಕೂತಿದ್ದ. ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದವಳು ನಾನೇ. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ, ಏನನ್ನೂ ಬಿಡಲಿಲ್ಲ. ಅವನ ಬೆರಳು ಮೊಣಕಾಲ ಮೇಲೆ ಹಾಗೇ ನಿಂತುಬಿಟ್ಟವು. ಅವನು, ನನ್ನ ಬೆನ್ನು ತಟ್ಟುವಾಗ ಅಮ್ಮ ನಡುನಡುವೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು, ನರ್ಸ್ ಅಲ್ಲವಾ, ಅದಕ್ಕೇ ಅಂದುಕೊಂಡಿದ್ದೆ ಅಂದ. ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಜ್ಜಿ ಒಳಗೆ ಹೋಗಿ ಅವನಿಗೆ ನೀರು ತಂದುಕೊಟ್ಟರು.

ಮಗುವನ್ನು ಎಲ್ಲಿ ಮಣ್ಣು ಮಾಡಿದರು ಅಂತ ಕೇಳಿದ. ಅಜ್ಜಿ ಕೈತೋರಿಸಿದ ಕಡೆ ನಡೆದೆವು. ಅಲ್ಲಿ ಈಗ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ, ಜಲ್ಲಿ ಹಾಕಿದ ರಸ್ತೆ ಬಂದಿದೆ. ಯಾವ ಜಾಗ ಅಂತ ಗೊತ್ತಾಗುವ ಹಾಗಿರಲಿಲ್ಲ. ಅವನು ಬ್ಯಾಗಿನಿಂದ ರೆಕಾರ್ಡರ್ ತೆಗೆದವನು ಹಾಗೇ ಮತ್ತೆ ಒಳಗಿಟ್ಟ. ಬಿಸಿಲಲ್ಲಿ ಇಬ್ಬರೂ ನಿಂತಿದ್ದೆವು. ಅಕ್ಕ ಬಂದ ಎರಡು ಸಲವೂ ನಾನು ಅವಳ ಜೊತೆ ಹೆಚ್ಚು ಕೂರಲಿಲ್ಲ. ಮನೆ ತುಂಬ ಜನ, ತಿಥಿಯ ಅಡುಗೆ, ಅದೂ ಇದೂ. ಕೂತಿದ್ದರೆ ಇದನ್ನು ಅವಳಾಗಿ ಹೇಳುತ್ತಿದ್ದಳೋ ಇಲ್ಲವೋ ಈಗ ತಿಳಿಯುವಂತಿಲ್ಲ.

ಅವನು ವಾಪಸ್ ಹೋಗಿ ನಾಲ್ಕೈದು ತಿಂಗಳಾಯಿತು. ಭಾನುವಾರ ಫೋನ್ ಮಾಡುತ್ತಾನೆ. ಸಂಗೀತದ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೀನಿ, ಕೂತರೆ ಆಗುತ್ತಿಲ್ಲ ಅನ್ನುತ್ತಾನೆ. ಆವತ್ತು ನಿನಗೆ ಅದನ್ನೆಲ್ಲ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಅಂತ ಒಮ್ಮೆ ಅಂದೆ. ಇಲ್ಲ ಚಿಕ್ಕಮ್ಮ, ಅಂದ. ಹೋದ ವಾರ, ಅಮ್ಮ ಹುಡುಗಿಯಾಗಿದ್ದಾಗ ಏನು ಇಷ್ಟಪಡುತ್ತಿದ್ದಳು, ಹೇಗೆ ನಗುತ್ತಿದ್ದಳು ಅಂತ ಕೇಳಿದ. ಹುಣಸೆಹಣ್ಣಿಗೆ ಉಪ್ಪು ಖಾರ ಹಾಕಿಕೊಂಡು ತಿನ್ನುತ್ತಿದ್ದಳು ಅಂದೆ. ಆಮೇಲೆ? ಅಂತ ಅವನು ಕಾಯುತ್ತಿದ್ದ. ಅವಳ ನಗು ನನಗೆ ನೆನಪಿಗೆ ಬರಲಿಲ್ಲ.